ಎಮ್ಮೆ ಯಾಕೆ ಬಂತು

ನಾನು ಅಕ್ಕನಿಗೆ ಎಮ್ಮೆ ಕೊಟ್ಟಿದ್ದು ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಅದೂ ನಿಜವಾದ ಎಮ್ಮೆಯಲ್ಲ. ನಾನು ಬರೆಯುತ್ತಿದ್ದ ಮಕ್ಕಳ ಕಾದಂಬರಿಯ ಮಾಯಾ ಎಮ್ಮೆ. ಆ ಕಥೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಕಾವಲು ಪ್ರಾಣಿ ಇರುತ್ತದೆ. ಒಡೆಯರಿಗೆ ಭಯವಾದಾಗ ಮಾತ್ರ ಅದು ಗಾಳಿಯಿಂದೆದ್ದು ಬರುತ್ತದೆ. ಅಷ್ಟು ದೊಡ್ಡ ಗಣಪನಿಗೇ ಒಂದು ಇಲಿ ಇರುವಾಗ ನನ್ನ ಪಾತ್ರಗಳು ಏನು ಪಾಪ ಮಾಡಿದ್ದವು?

ನಾಯಕಿ ನಾನೇ, ಹೆಸರು ಬದಲಾಯಿಸಿದ್ದೆ ಅಷ್ಟೆ. ಅವಳಿಗೆ ಭಯವೆಂದರೆ ಏನೆಂದೇ ಗೊತ್ತಿಲ್ಲ, ಕಾವಲಿಗೆ ಚಿರತೆ. ಅವಳನ್ನು ಗೋಳುಹೊಯ್ದುಕೊಳ್ಳುವ ದೊಡ್ಡಮ್ಮ ನಮ್ಮಕ್ಕ. ಏನು ಹೇಳಿದರೂ ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಇರುವವಳಿಗೆ ಬೇರೆ ಯಾವ ಪ್ರಾಣಿ ಕೊಡಲಿ?

ಜಗಳ ಸ್ಕೂಟರಿನದು. ಎರಡು ವರ್ಷದ ಹಿಂದೆ ಅಮೃತಾಪುರದ ರಸ್ತೆಯಲ್ಲಿ ಬಿದ್ದು ಕೈ ಮುರಿದುಕೊಂಡೆ. ತರೀಕೆರೆಯಿಂದ ಆಸ್ಪತ್ರೆಗೆ ಓಡಿ ಬಂದ ಅಕ್ಕ, ಪ್ಲಾಸ್ಟರ್ ಒಣಗುವ ಮೊದಲೇ ನನ್ನ ಸ್ಕೂಟರನ್ನು ತನ್ನ ಮನೆಗೆ ಸಾಗಿಸಿ ಬೀಗ ಜಡಿದಳು. ನಲವತ್ತು ದಾಟಿದ ನನ್ನನ್ನು ಒಂದು ಮಾತು ಕೇಳಲಿಲ್ಲ. "ಇನ್ನೊಂದ್ಸಲ ಗಾಡಿ ಮುಟ್ಟಿದ್ರೆ ಕಾಲು ಮುರೀತೀನಿ ಕಣೇ" ಅಂದಳು. ಕೈ ಆಗಲೇ ಮುರಿದಿತ್ತು, ಕಾಲಾದರೂ ಉಳಿಯಲಿ ಎಂದು ನಾನು ಅವಳ ಜೊತೆ ಮಾತೇ ಬಿಟ್ಟೆ. ಅಜ್ಜಂಪುರದಿಂದ ಕಡೂರಿನ ಕಚೇರಿಗೆ ರೈಲು ಹಿಡಿದೆ.

ಕಾದಂಬರಿ ಬೆಳೆದದ್ದು ಆ ರೈಲಿನಲ್ಲೇ. ಬರೆದದ್ದನ್ನು ಶಿವನಿಯಲ್ಲಿ ಹತ್ತಿ ಬರುವ ಸೊಪ್ಪಿನ ಅಜ್ಜಿಗೆ ಓದಿ ಹೇಳುತ್ತಿದ್ದೆ. ಆಕೆಗೆ ಓದು ಬಾರದು, ಆದರೆ ನನ್ನ ಕಥೆಯ ಕಾನೂನೆಲ್ಲ ನನಗಿಂತ ಚೆನ್ನಾಗಿ ನೆನಪಿರುತ್ತಿತ್ತು. ಎಮ್ಮೆಯ ವಿಷಯ ಬಂದಾಗಲೆಲ್ಲ ಮೆಂತ್ಯದ ಕಟ್ಟು ತಟ್ಟಿಕೊಂಡು ನಗುತ್ತಿದ್ದಳು. ನನಗೆ ಹಾಲು ಕುಡಿದಷ್ಟು ಸಂತೋಷ.

ಒಂದು ದಿನ ನಾಯಕಿ ಹೆಬ್ಬೆ ಜಲಪಾತದ ಮಡುವಿಗೆ ಬೀಳುವ ಅಧ್ಯಾಯ ಓದಿದೆ. ಬರೆಯುವಾಗಲೇ ಅಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಮುಳುಗುತ್ತಿದ್ದರೂ ನಮ್ಮ ಹುಡುಗಿಗೆ ಭಯವಿಲ್ಲ, ಭಯವಿಲ್ಲದೆ ಚಿರತೆ ಬರುವಂತಿಲ್ಲ. ಕೊನೆಗೆ, ನೀರಿನ ಕೆಲಸ ತಾನೇ ಎಂದು ದೊಡ್ಡಮ್ಮನ ಎಮ್ಮೆಯನ್ನೇ ಕಳಿಸಿದ್ದೆ. ಅದು ಹುಡುಗಿಯನ್ನು ಬೆನ್ನ ಮೇಲೆ ಹೊತ್ತು ದಡಕ್ಕೆ ತಂದು ಹಾಕಿತು.

ಅಜ್ಜಿ ಈ ಸಲ ನಗಲಿಲ್ಲ. "ಎಮ್ಮೆ ಯಾಕ್ ಬಂತವ್ವ?" ಅಂದಳು.

"ಕಥೆ ಅಲ್ವಾ ಅಜ್ಜಿ. ಬಂತು ಅಷ್ಟೆ."

"ಅದೆಂಗೆ? ಒಡತಿಗೆ ಭಯ ಆದ್ರೆ ತಾನೆ ಅದು ಬರೋದು? ನೀನೇ ಹೇಳಿದ್ದು. ದೊಡ್ಡಮ್ಮ ಮನೇಲಿ ಬೆಚ್ಚಗೆ ಕುಂತವ್ಳೆ. ಅವ್ಳಿಗ್ಯಾಕೆ ಭಯ ಆಯ್ತು?"

ತಪ್ಪಾಯಿತು, ತಿದ್ದುತ್ತೇನೆ ಅಂದೆ.

"ತಿದ್ದಬ್ಯಾಡ, ಸರ್ಯಾಗೇ ಐತೆ. ಆ ಹುಡುಗಿಗೆ ಬುದ್ಧಿ ಇಲ್ಲ, ಅದ್ಕೇ ಭಯ ಇಲ್ಲ. ಅವಳ ಪಾಲಿಂದೂ ಸೇರ್ಸಿ ದೊಡ್ಡಮ್ಮನೇ ಹೆದರ್ಕಂಡವ್ಳೆ ಕಣವ್ವ."

ನನ್ನ ನಾಯಕಿಗೆ ಬುದ್ಧಿಯಿಲ್ಲ ಅಂದಿದ್ದಕ್ಕೆ ಮೊದಲು ಸಿಟ್ಟು ಬಂತು. ಆಮೇಲೆ ನಾಚಿಕೆಯಾಯಿತು. ಆಸ್ಪತ್ರೆಯಲ್ಲಿ ನನ್ನನ್ನು ಬೈಯುತ್ತ ನಿಂತಿದ್ದ ಅಕ್ಕನ ಒಂದು ಕಾಲಲ್ಲಿ ಅವಳ ಚಪ್ಪಲಿ, ಇನ್ನೊಂದರಲ್ಲಿ ಭಾವನ ಚಪ್ಪಲಿ ಇತ್ತು. ಅದನ್ನು ನೋಡಿ ನಾನು ನಕ್ಕಿದ್ದೆ.

ಕಡೂರಿನಲ್ಲಿ ಇಳಿದವಳೇ ಅವಳಿಗೆ ಫೋನ್ ಮಾಡಿದೆ. ಎರಡು ವರ್ಷದ ಬೈಗುಳ ಒಟ್ಟಿಗೆ ತಿನ್ನಲು ಸಿದ್ಧಳಾಗಿದ್ದೆ. ಒಂದೇ ರಿಂಗಿಗೆ ಎತ್ತಿದಳು.

"ಏನಾಯ್ತೇ? ಎಲ್ಲಿ ಬಿದ್ದೆ? ಅಲ್ಲೇ ಇರು, ಬಂದೆ."

ಆ ಕಡೆ ಬಾಗಿಲ ಚಿಲಕ ತೆಗೆದ ಸದ್ದು ಕೇಳಿಸಿತು. ನಾನಿನ್ನೂ ಹಲೋ ಕೂಡ ಅಂದಿರಲಿಲ್ಲ.