ವನಿತಾ ಟೀಚರ್ ಸುಮ್ಮನೆ ನಿಂತ ವಿಡಿಯೊ

ವನಿತಾ ಟೀಚರ್ ಪಾಠ ಮಾಡುವುದಕ್ಕಿಂತ ಸುಮ್ಮನೆ ನಿಲ್ಲುವುದೇ ಹೆಚ್ಚು ಎಂದು ಕುರ್ತಕೋಟಿಯ ಪಾಲಕರು ಒಂದು ಕಾಲಕ್ಕೆ ದೂರುತ್ತಿದ್ದರು. ದೂರು ಸುಳ್ಳೇನೂ ಆಗಿರಲಿಲ್ಲ. ಹೈಸ್ಕೂಲಿನ ಬೋರ್ಡಿನ ಮೇಲೆ ಒಂದು ಗಣಿತದ ಲೆಕ್ಕ ಬರೆದು, ಚಾಕ್‌ಪೀಸ್ ಕೆಳಗಿಟ್ಟು, ಆಕೆ ಕಿಟಕಿಯ ಹತ್ತಿರ ಹೋಗಿ ಹೊರಗಿನ ಎರೆಹೊಲ ನೋಡುತ್ತ ನಿಂತುಬಿಡುತ್ತಿದ್ದಳು. ಉತ್ತರ ಸಿಕ್ಕವರು ಕೂಗಬಾರದು, ಎದ್ದು ಬಂದು ಟೀಚರ ಕಿವಿಯಲ್ಲಿ ಹೇಳಬೇಕು. ಸರಿಯಿದ್ದರೆ ಆಕೆ ತಲೆಯಾಡಿಸುವಳು, ತಪ್ಪಿದ್ದರೆ "ಹೋಗು, ಇನ್ನೊಮ್ಮೆ ನೋಡು" ಎನ್ನುವಳು. ಜಾಣರು ಎದ್ದು ಕೂಗಿಬಿಟ್ಟರೆ ಹಿಂದಿನ ಬೆಂಚಿನವರ ಲೆಕ್ಕ ಅಲ್ಲಿಗೇ ಸತ್ತಂತೆ ಎಂಬುದು ಆಕೆಯ ಗಟ್ಟಿ ನಂಬಿಕೆ.

ಕೊರೊನಾ ಬಂದು ಶಾಲೆಗೆ ಬೀಗ ಬಿದ್ದಾಗ ಬೆಟಗೇರಿಯ ಮನೆಯ ಪಡಸಾಲೆಯಲ್ಲೇ ಒಂದು ಗೋಡೆಗೆ ಕಪ್ಪು ಬಣ್ಣ ಬಳಿಸಿ, ಮೊಬೈಲಿನಲ್ಲಿ ವಿಡಿಯೊ ಪಾಠ ಶುರು ಮಾಡಿದಳು. ಮೊಬೈಲ್ ಹಿಡಿಯುವ ಪಾಳಿ ಗಂಡ ಫಕೀರೇಶನದು. ಅವನಿಗೆ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಟಿಂಗ್ ಮಷಿನ್ ಮೇಲೆ ಕೆಲಸ. ಅಚ್ಚಾದ ಹಾಳೆಗಳ ಹೆಚ್ಚುವರಿ ಅಂಚನ್ನು ಕತ್ತರಿಸಿ ಒಗೆಯುವುದೇ ಕಸುಬು, ವಿಡಿಯೊದ ಮೇಲೂ ಅದೇ ಕೈ ಓಡಿತು. ಮೊದಲ ಪಾಠದಲ್ಲಿ ವನಿತಾ ಲೆಕ್ಕ ಬರೆದು ರೂಢಿಯಂತೆ ಸುಮ್ಮನೆ ನಿಂತಿದ್ದಳು. ಅಷ್ಟನ್ನೂ ಅವನು ತೆಗೆದುಹಾಕಿದ.

"ಹಂಗ ಸುಮ್ಮ ನಿಂತ್ರ ಮಂದಿ ಮೊಬೈಲ್ ಕೆಟ್ಟೈತಿ ಅಂತಾರ," ಎಂದ. "ಯಾರ ಕಾಯ್ತಾರ? ಬೆರಳಿಲೆ ಮುಂದ ದೂಡಿ ಹೋಗ್ತಾರ."

ಅವನ ಮಾತಿನಲ್ಲಿ ಹುರುಳಿತ್ತು. ಲೆಕ್ಕ ಬಂತು, ಬೆನ್ನಿಗೇ ಉತ್ತರ ಬಂತು, ಪಾಠ ಚುರುಕಾಯಿತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮಕ್ಕಳೂ ನೋಡತೊಡಗಿದರು. ಶಿಕ್ಷಕರ ತರಬೇತಿಯೊಂದರಲ್ಲಿ ಅಪರಿಚಿತ ಟೀಚರುಗಳು ಬಂದು ಜೊತೆಗೆ ನಿಂತು ಫೋಟೊ ತೆಗೆಸಿಕೊಂಡರು. ವನಿತಾಗೆ ಹಿಗ್ಗಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಶಾಲೆ ತೆರೆದ ಮೇಲೂ ವಿಡಿಯೊ ನಡೆದೇ ಇತ್ತು. ಕ್ಲಾಸಿನಲ್ಲಿ ಟಿವಿ ಬಂದ ಮೇಲಂತೂ ಅಲ್ಲಿಯೂ ತನ್ನದೇ ವಿಡಿಯೊ ಹಚ್ಚಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು ರೂಢಿಯಾಯಿತು. ಪಾಠಗಳು ಜಲ್ದಿ ಮುಗಿಯುತ್ತಿದ್ದವು, ಹೆಡ್‌ಮಾಸ್ತರರಿಗೂ ಸಮಾಧಾನ. ಕಿಟಕಿಯ ಹತ್ತಿರ ನಿಲ್ಲುವುದು ಯಾವಾಗ ತಪ್ಪಿತೋ ಆಕೆಗೇ ತಿಳಿಯಲಿಲ್ಲ.

ಕಳೆದ ವರ್ಷ ಹತ್ತನೇ ತರಗತಿಯ ಫಿಜಾ ಗಣಿತದಲ್ಲಿ ಫೇಲಾದಳು. ಉಳಿದ ವಿಷಯಗಳಲ್ಲೆಲ್ಲ ಒಳ್ಳೆಯ ಅಂಕ. ಮೇ ಕೊನೆಗೆ ಇನ್ನೊಂದು ಪರೀಕ್ಷೆ ಇತ್ತು. ಅದರಲ್ಲಿ ದಾಟಿದರೆ ಗೆಳತಿಯರ ಕೂಡ ಗದಗಿನ ಕಾಲೇಜು, ಇಲ್ಲವಾದರೆ ಮನೆಯಲ್ಲಿ ಕೂತು ಹೊಲಿಗೆ ಕಲಿಯುವುದು ಎಂದು ತಂದೆ ಶಫೀಕ ಹೇಳಿಬಿಟ್ಟಿದ್ದ. ಅವನು ಗೂಡ್ಸ್ ಆಟೊ ಓಡಿಸುವವನು. ಸಂಜೆ ಅವನು ಮನೆಗೆ ಬಂದರೆ ಮೊಬೈಲ್ ಹುಡುಗಿಯ ಕೈಗೆ, ಮೊಬೈಲಿನಲ್ಲಿ ವನಿತಾ ಟೀಚರು.

ರಜೆಯ ಒಂದು ಮುಂಜಾನೆ ಅಜ್ಜಿ ರಮಜಾನಬಿ ಮೊಮ್ಮಗಳನ್ನು ಕರೆದುಕೊಂಡು ಬೆಟಗೇರಿಗೇ ಬಂದಳು.

"ನಿಮ್ಮ ದನಿ ಕೇಳಲಾರದ ನಮ್ಮ ಮನ್ಯಾಗ ಊಟ ಆಗೂದಿಲ್ರಿ ಟೀಚರ," ಎಂದಳು ನೀರು ಕುಡಿದು. "ಎಲ್ಲಾ ಬಾಯಿಪಾಠ ಮಾಡ್ಯಾಳ. ಆದ್ರೂ ಅಂಜತಾಳ. ಒಂದಿಷ್ಟು ನೋಡ್ರಿ."

ಬಾಯಿಪಾಠವೆಂದರೆ ಅಂತಿಂಥದ್ದಲ್ಲ. ಸಮಾಂತರ ಶ್ರೇಢಿಯ ವಿಡಿಯೊ ಹಚ್ಚಿದರೆ ಟೀಚರಿಗಿಂತ ಒಂದು ಮಾತು ಮುಂದೆಯೇ ಹುಡುಗಿ ಹೇಳುತ್ತಿದ್ದಳು. ಐದು, ಎಂಟು, ಹನ್ನೊಂದು, ಹೀಗೆ ಹೋದರೆ ಹತ್ತನೇ ಪದ ಮೂವತ್ತೆರಡು. ಟೀಚರು ಎಲ್ಲಿ ಕೆಮ್ಮಿದ್ದಾಳೆ ಎಂಬುದೂ ಅವಳಿಗೆ ಗೊತ್ತು. ವನಿತಾ ನಕ್ಕು, ಒಂದು ಹಾಳೆಯ ಮೇಲೆ ಏಳು, ಹನ್ನೊಂದು, ಹದಿನೈದು ಎಂದು ಬರೆದು, "ಇದರ ಹತ್ತನೇ ಪದ ಹೇಳು," ಎಂದಳು.

ಫಿಜಾ ಹಾಳೆ ನೋಡಿದಳು, ಗೋಡೆ ನೋಡಿದಳು. ಮುಖ ಸಣ್ಣದಾಯಿತು.

"ವಿಡಿಯೊದಾಗ ಐದರಿಂದ ಚಾಲೂ ಆಗಿತ್ರಿ," ಎಂದಳು ಮೆಲ್ಲಗೆ.

ವನಿತಾ ಪೆನ್ನು ಕೆಳಗಿಟ್ಟಳು. "ವಿಡಿಯೊದಾಗ ನಾ ಲೆಕ್ಕ ಕೇಳಿದ ಕೂಡ್ಲೆ ನೀ ಬಿಡಸಾಕ ಹತ್ತಬೇಕಲ್ಲ, ಫಿಜಾ?"

"ನಾ ಇನ್ನ ವಿಚಾರ ಮಾಡಬೇಕು ಅನ್ನೂದ್ರಾಗ ನೀವ ಹೇಳಿಬಿಡ್ತೀರಲ್ರಿ ಟೀಚರ."

"ವಿಡಿಯೊ ನಿಲ್ಲಸಾಕ ಬರತೈತಲ್ಲವಾ. ಒತ್ತಿದ್ರ ನಿಲ್ತೈತಿ."

ಹುಡುಗಿ ತಲೆ ತಗ್ಗಿಸಿದಳು. "ನೀವು ಮಾತಾಡೂಮುಂದ ಹೆಂಗ ನಿಲ್ಲಸ್ಲಿರಿ?"

ರಮಜಾನಬಿ ಮೊಮ್ಮಗಳ ಸಭ್ಯತೆ ಮೆಚ್ಚಿ ತಲೆಯಾಡಿಸಿದಳು. ವನಿತಾ ಮಾತ್ರ ಆ ಹಾಳೆಯನ್ನೇ ನೋಡುತ್ತ ಕೂತಳು. ಟೀಚರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎಂದು ವರ್ಷಗಟ್ಟಲೆ ಕಲಿಸಿದವಳು ತಾನೇ. ಹುಡುಗಿ ಅದನ್ನು ಮೊಬೈಲಿನ ಟೀಚರಿಗೂ ಪಾಲಿಸಿದ್ದಳು. ಫೇಲಾದದ್ದು ಫಿಜಾ ಒಬ್ಬಳೇ ಅಲ್ಲ, ತಾನೂ ಅನ್ನಿಸಿ ಆಕೆಗೆ ನಾಚಿಕೆಯಾಯಿತು.

ಅಂದೇ ಸಂಜೆ ಫಕೀರೇಶ ಪ್ರೆಸ್ಸಿನಿಂದ ಬಂದು ಚಹಾ ಕುಡಿಯುವಷ್ಟರಲ್ಲಿ ಆಕೆ ಕಪ್ಪು ಗೋಡೆ ಒರೆಸಿಟ್ಟಿದ್ದಳು.

"ಇನ್ನೊಮ್ಮೆ ಹಿಡೀರಿ. ನಾ ಸುಮ್ಮ ನಿಂತದ್ದು ಹಂಗ ಇರಲಿ. ಕತ್ತರಿಸಬ್ಯಾಡ್ರಿ."

"ನೋಡೋ ಮಂದಿನೂ ಕಡಿಮಿ ಆಗ್ತಾರ, ನೋಡ," ಎಂದ ಅವನು.

"ಆಗ್ಲಿ ಬಿಡ್ರಿ. ನನಗ ಒಬ್ಬಾಕಿ ಬೇಕಾಗ್ಯಾಳ."

ವನಿತಾ ಹೊಸ ಲೆಕ್ಕ ಬರೆದು, "ಇನ್ನ ನೀವು ಮಾಡ್ರಿ, ನಾ ಮಾತಾಡೂದಿಲ್ಲ," ಎಂದು ಪಕ್ಕಕ್ಕೆ ಸರಿದು ನಿಂತಳು. ಓಣಿಯಲ್ಲಿ ಯಾರದೋ ಮೋಟರ್‌ಸೈಕಲ್ ಹೋಯಿತು, ಪಕ್ಕದ ಮನೆಯ ಕುಕ್ಕರ್ ಕೂಗಿತು. ಮೊಬೈಲ್ ಹಿಡಿದ ಫಕೀರೇಶನ ಕೈ ಸೋತಿತು. ಬೈದುಕೊಳ್ಳುತ್ತಲೇ ಅವನ ಕಣ್ಣು ಗೋಡೆಯ ಮೇಲೆ ಓಡಾಡಿತು. ಸ್ವಲ್ಪ ಹೊತ್ತಿಗೆ ತಡೆಯಲಾರದೆ, "ಐವತ್ತೇಳು, ಹೌದಲ್ಲ?" ಎಂದುಬಿಟ್ಟ. ಉತ್ತರ ಸರಿಯಾಗಿತ್ತು. ವಿಡಿಯೊ ಮತ್ತೆ ಮೊದಲಿನಿಂದ ಹಿಡಿಯಬೇಕಾಯಿತು, ಆದರೆ ಅವನು ಆಮೇಲೆ ತಕರಾರು ಮಾಡಲಿಲ್ಲ.

ಅವನು ಹೇಳಿದಂತೆಯೇ ಆಯಿತು. ಸೌಂಡ್ ಬರುತ್ತಿಲ್ಲ ಎಂದು ಒಬ್ಬರು, ನೆಟ್ ಹೋಗಿದೆಯೇ ಎಂದು ಇನ್ನೊಬ್ಬರು, ಟೀಚರಿಗೆ ಉತ್ತರ ಮರೆತಿದೆ ಎಂದು ಮತ್ತೊಬ್ಬರು ವಿಡಿಯೊದ ಕೆಳಗೆ ಬರೆದರು. ನೋಡುವವರು ಅರ್ಧಕ್ಕಿಂತ ಕಡಿಮೆಯಾದರು. ವನಿತಾಗೆ ಚುರುಕ್ಕೆಂದಿತು, ಆದರೂ ಪರೀಕ್ಷೆ ಬರುವ ತನಕ ಒಂದೊಂದೇ ಪಾಠವನ್ನು ಹೀಗೆ ನಿಂತು ನಿಂತು ಮಾಡಿ ಹಾಕಿದಳು. ಫಿಜಾಳಿಗೆ ಫೋನ್ ಮಾಡಿ ಒಂದೇ ಮಾತು ಹೇಳಿದ್ದಳು: "ನಾ ಸುಮ್ಮ ನಿಂತಾಗ ನೀ ಪೆನ್ನು ಹಿಡಿ. ಹೊತ್ತು ಸಾಲದಿದ್ರ ನನ್ನ ನಿಲ್ಲಸು. ನನಗೇನ ಸಿಟ್ಟು ಬರೂದಿಲ್ಲ."

ಪರೀಕ್ಷೆ ಆಯಿತು. ಫಲಿತಾಂಶದ ದಿನ ವನಿತಾ ಮುಂಜಾನೆಯಿಂದ ಮೊಬೈಲನ್ನು ಕೈಯಲ್ಲೇ ಹಿಡಿದು ಅಡುಗೆಮನೆಗೂ ಪಡಸಾಲೆಗೂ ಓಡಾಡುತ್ತಿದ್ದಳು. ತಾನಾಗಿ ಫೋನ್ ಮಾಡಲು ಧೈರ್ಯವಾಗಲಿಲ್ಲ. ಮಧ್ಯಾಹ್ನ ಶಫೀಕನ ನಂಬರಿನಿಂದ ಕರೆ ಬಂತು, ದನಿ ಫಿಜಾಳದು.

"ಪಾಸಾದ್ನಿರಿ ಟೀಚರ. ನಮ್ಮ ಅಬ್ಬಾ ಕಾಲೇಜಿಗೆ ಹೆಸರು ಹಚ್ಚತೀನಿ ಅಂದಾರ."

ವನಿತಾ ಅಲ್ಲೇ ಹೊಸ್ತಿಲ ಹತ್ತಿರ ಕೂತಳು. ಆಮೇಲೆ ಟೀಚರ ಚಟ ಬಿಡಬೇಕಲ್ಲ, ಕೇಳಿದಳು: "ನಾ ವಿಡಿಯೊದಾಗ ಹೇಳಿದ್ದರಾಗ ಯಾವ ಯಾವ ಲೆಕ್ಕ ಬಂದಿದ್ವು ಪೇಪರಿನ್ಯಾಗ?"

ಹುಡುಗಿ ಒಂದೊಂದೇ ಪ್ರಶ್ನೆ ನೆನಪು ಮಾಡಿಕೊಂಡಳು.

"ನೀವು ಹೇಳಿದ್ದು ಒಂದೂ ಬಂದಿರಲಿಲ್ರಿ," ಎಂದಳು. "ಎಲ್ಲಾ ನಾನ ಮಾಡೀನ್ರಿ."

ಇಷ್ಟು ವರ್ಷದ ನೌಕರಿಯಲ್ಲಿ ತನ್ನನ್ನು ಯಾರೂ ಇಷ್ಟು ಹೊಗಳಿರಲಿಲ್ಲ ಎಂದು ವನಿತಾಗೆ ಅನ್ನಿಸಿತು.