ಹೈಡ್ರೋಜನ್ ಗೆರೆಯ ಸೆರಗು

ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಮೆಹದಿಪಟ್ಟಣಂನಲ್ಲಿ ಬಸ್ಸಿನಿಂದಿಳಿದು ಮನೆಗೆ ವಾಪಸ್ಸಾಗುವ ಜಾತಿ ನನ್ನದು. ಅಂಥವನ ಕೈಗೆ ವಿಶ್ವದ ಮೊದಮೊದಲ ಬೆಳಕು ಕೊಟ್ಟರೆ ಏನಾಗಬೇಕೋ ಅದೇ ಆಯಿತು.

ಒಂದಾನೊಂದು ಕಾಲದಲ್ಲಿ ವಿಶ್ವದ ತುಂಬ ತಣ್ಣನೆಯ ಹೈಡ್ರೋಜನ್ ಮಂಜಿನಂತೆ ಕವಿದಿತ್ತು. ಅದರ ಪರಮಾಣುಗಳನ್ನು ಒಡೆದು ಮಂಜು ಕರಗಿಸಿದ್ದು ಎಳೆಯ ನಕ್ಷತ್ರಗಳು ಎಂದು ನಾನು ವರ್ಷಗಟ್ಟಲೆ ಪಾಠ ಮಾಡಿದ್ದೆ. ನನ್ನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಕಲಬುರಗಿ ಕಡೆಯ ಹುಡುಗಿ ಒಪ್ಪಲಿಲ್ಲ. ಒಡಲಲ್ಲಿ ಕಪ್ಪುಕುಳಿ ಇಟ್ಟುಕೊಂಡು, ಅನಿಲ ನುಂಗುತ್ತ ಧಗಧಗಿಸುವ ಸಕ್ರಿಯ ಗೆಲಾಕ್ಸಿಗಳ ಪಾಲೂ ಇರಬೇಕು ಎಂಬುದು ಅವಳ ವಾದ. ಕಪ್ಪುಕುಳಿಯ ಸುತ್ತ ಅನಿಲ ಗಿರಗಿರ ತಿರುಗುವುದರಿಂದ ಆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ಕಾಣುವ ಹೈಡ್ರೋಜನ್ ಗೆರೆಗೆ ಎರಡೂ ಬದಿ ಮಸುಕಾದ ಸೆರಗು ಹರಡಿರುತ್ತದೆ. ಅಷ್ಟು ದೂರದ ಪುಟ್ಟ ಗೆಲಾಕ್ಸಿಯಲ್ಲಿ ಅದು ಸಿಕ್ಕರೆ ಅವಳಿಗೆ ಥೀಸಿಸ್ ಸಿಕ್ಕಂತೆ.

ಸಿಕ್ಕಿತು. ಆದರೆ ಗೆರೆ ಅಳೆಯುವ ಮುಂಚೆ ಮಸುಕು ಅಂಚನ್ನೆಲ್ಲ ಕಸವೆಂದು ಕತ್ತರಿಸುವುದು ನನ್ನ ಹಳೆಯ ಪದ್ಧತಿ. ನನ್ನ ಕಂಪ್ಯೂಟರ್ ಪ್ರೋಗ್ರಾಮಿನಿಂದ ಅವಳು ಹಾಗೆ ಕತ್ತರಿಸುವ ಸಾಲನ್ನು ತೆಗೆದಿದ್ದಳು. ನಾನು ಮತ್ತೆ ಸೇರಿಸಿದೆ. ಉಪಕರಣದ ದೋಷವಿರಬಹುದು ಅಂದೆ, ಇಲ್ಲವೆಂದು ತೋರಿಸಿದಳು. ಪಕ್ಕದ ಗೆಲಾಕ್ಸಿಯ ಬೆಳಕು ಬೆರೆತಿರಬಹುದು ಅಂದೆ. ಅದನ್ನೂ ಪರೀಕ್ಷಿಸಿ ತಂದಳು. ಇನ್ನೊಮ್ಮೆ ನೋಡೋಣ ಅಂದೆ. ಹೀಗೇ ಒಂದು ವರ್ಷ ನೋಡಿದೆವು. ಅಷ್ಟರಲ್ಲಿ ಬೇರೆ ದೇಶದ ತಂಡವೊಂದು ಅದೇ ಗೆಲಾಕ್ಸಿಯನ್ನು, ಸೆರಗಿನ ಸಮೇತ, ಪ್ರಕಟಿಸಿತು. ಅವರು ತಮ್ಮ ಅನುಮಾನಗಳನ್ನು ಒಂದು ಪ್ಯಾರಾದಲ್ಲಿ ಮುಗಿಸಿದ್ದರು. ನಮ್ಮ ಲೇಖನದ ಕರಡಿನಲ್ಲಿ ನನ್ನ ಅನುಮಾನಗಳಿಗೇ ನಾಲ್ಕು ಪುಟ.

ವಿಭಾಗದಲ್ಲಿ ಎಲ್ಲರೊಂದಿಗೆ ತೆಲುಗು, ಹಿಂದಿ. ನಾವಿಬ್ಬರೇ ಇದ್ದರೆ ಕನ್ನಡ. ಅವರ ಲೇಖನ ಬಂದ ಮರುವಾರ ಒಂದು ದಿನ ನಾವಿಬ್ಬರೇ ಇದ್ದೆವು, ಆದರೂ ಅವಳು ಹಿಂದಿಯಲ್ಲಿ ಮಾತಾಡಿದಳು. ಗೈಡ್ ಬದಲಿಸುತ್ತಿದ್ದಾಳಂತೆ, ವಿಷಯವನ್ನೂ. ನನ್ನ ಸಹಿ ಬೇಕಂತೆ.

ಫಾರ್ಮನ್ನು ಮೂರು ಸಲ ಓದಿದೆ. ಕ್ಷಮೆ ಕೇಳಬೇಕೆಂದೇ ಬಾಯಿ ತೆರೆದದ್ದು. "ಇಲ್ಲಿ ತಾರೀಖು ಹಾಕಿಲ್ಲ," ಅಂದೆ.

"ಇದರಾಗೂ ನಿಮಗೊಂದು ತಪ್ಪು ಸಿಕ್ತಲ್ರಿ ಸರ್," ಅಂದಳು, ಕನ್ನಡದಲ್ಲಿ. "ಹುಡುಕೋದ್ರಾಗ ನೀವು ಭಾಳ ಶಾಣ್ಯಾ."

ತಾರೀಖು ಬರೆದಳು. ನಾನು ಸಹಿ ಮಾಡಿದೆ. ಸರಿಯಾಗಿದೆಯೋ ಇಲ್ಲವೋ ಎಂದು ಮತ್ತೊಮ್ಮೆ ನೋಡಲು ಕೈ ಚಾಚುವಷ್ಟರಲ್ಲಿ ಅವಳು ಫಾರ್ಮು ಎಳೆದುಕೊಂಡು ಹೊರಟಿದ್ದಳು.