ಮೂರು ವಾರದ ಸಾಕ್ಷಿ

ಸೂಜಿ ಚುಚ್ಚುವ ಹೊತ್ತಿಗೆ ಮುಖವನ್ನು ಆಚೆಗೆ ತಿರುಗಿಸಿಕೊಳ್ಳುವವರಲ್ಲಿ ನಾನೂ ಒಬ್ಬ; ಬ್ಯಾಂಕಿನಲ್ಲಿ ಎಂಥೆಂಥವರ ಕಣ್ಣಿಗೆ ಕಣ್ಣಿಟ್ಟು ಮಾತಾಡಬಲ್ಲ ಅಧಿಕಾರಿಯಾದರೂ ಸ್ವಂತ ನೆತ್ತರನ್ನು ದಿಟ್ಟಿಸುವ ಧೈರ್ಯ ನನಗಿಲ್ಲ. ಅದಕ್ಕೆ ಕಾರಣ ನೋವಲ್ಲ, ಓದುಗರೇ, ಅಪರಾಧಪ್ರಜ್ಞೆ. ಮಧುಮೇಹ ಬಂದಂದಿನಿಂದ ನಾನು ಪರೀಕ್ಷೆಗೆ ಎರಡು ದಿನ ಮುಂಚೆ ಋಷಿಯಾಗಿ, ಫಲಿತಾಂಶ ಬಂದ ಸಂಜೆಯೇ ಕೊಚ್ಚಿಯ ಕಲೂರ್ ಬಸ್ ನಿಲ್ದಾಣದೆದುರು ಪಳಂಪೊರಿ ಎಂಬ ನೇಂದ್ರಬಾಳೆಯ ಬಜ್ಜಿಯ ಸಮೇತ ಸಂಸಾರಿಯಾಗುತ್ತಿದ್ದೆ. ಹೊಸ ಡಾಕ್ಟರಮ್ಮ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದ್ದೇ ತಡ, ನನ್ನ ತಪಸ್ಸಿನ ಬಣ್ಣ ಬಯಲಾಯಿತು.

ಬಯಲಾದದ್ದು ಕೆಟ್ಟ ಗಳಿಗೆಯಲ್ಲಿ. ನಾನು ಕೊಚ್ಚಿಯಲ್ಲಿ, ಹೆಂಡತಿ ವಸುಧಾ ತಿರುವನಂತಪುರದಲ್ಲಿ. ಮೈಸೂರಿನಿಂದ ಹೊರಟ ನಮ್ಮನ್ನು ಎರಡು ವರ್ಗಾವಣೆ ಆದೇಶಗಳು ಹೀಗೆ ಹಂಚಿಕೊಂಡಿದ್ದವು. ಅಲ್ಲಿನ ತುಂಬದ ಬಾಹ್ಯಾಕಾಶ ಕೇಂದ್ರದಲ್ಲಿ ವಿಜ್ಞಾನಿಯಾದ ಅವಳಿಗೆ ಆಗಷ್ಟೇ ಒಂದು ತಂಡದ ಮುಂದಾಳತ್ವ ಒದಗಿಬಂದಿತ್ತು. ಇಪ್ಪತ್ತು ವರ್ಷ ಕಾದ ಅವಕಾಶ. ಒಂದು ತಿಂಗಳಲ್ಲಿ ಉತ್ತರ ಕೊಡಬೇಕು. ನನ್ನ ವರದಿ ಓದಿದವಳು, “ಬೇಡ ಅಂತ ಬರೆದುಬಿಡ್ತೀನಿ ರೀ. ರಜೆ ಹಾಕಿ ಕೊಚ್ಚಿಗೆ ಬರ್ತೀನಿ. ನಿಮ್ಮನ್ನ ನಂಬಿ ಬಿಟ್ಟಿದ್ದೇ ತಪ್ಪು” ಎಂದಳು. ಗದರಿದ್ದರೆ ತಡೆದುಕೊಳ್ಳುತ್ತಿದ್ದೆ, ಮೆಲ್ಲಗೆ ಹೇಳಿದ್ದರಿಂದ ಮರುದಿನವೇ ಡಾಕ್ಟರಮ್ಮನ ಬಳಿ ಓಡಿದೆ.

ಅವರು ಮಾತ್ರೆ ಬದಲಿಸಿದರು. “ಗುಣ ತಿಳಿಯೋಕೆ ಮೂರು ತಿಂಗಳು ಬೇಕಲ್ಲ, ನನಗಿರೋದು ಒಂದೇ ತಿಂಗಳು” ಎಂದು ಗೋಗರೆದೆ. ಅವರು ನಕ್ಕು ವಿವರಿಸಿದರು: ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆ ಮೂರು ತಿಂಗಳ ಕಥೆ ಹೇಳಿದರೆ, ರಕ್ತದ ಪ್ರೋಟೀನಿಗೆ ಅಂಟಿದ್ದು ಎರಡು ಮೂರು ವಾರದ್ದನ್ನು ಹೇಳುತ್ತದೆ, ಫ್ರಕ್ಟೋಸಮೈನ್ ಎಂಬ ಆ ಪರೀಕ್ಷೆಯನ್ನು ಈಗೊಮ್ಮೆ, ಮೂರು ವಾರದ ಮೇಲೊಮ್ಮೆ ಮಾಡಿಸಿದರೆ ಮದ್ದು ಹಿಡಿಯುತ್ತಿದೆಯೇ ಎಂಬ ಸುಳಿವು ಬೇಗ ಸಿಗುತ್ತದೆ. ಕಡೆಯ ಮಾತು ಮಾತ್ರ ಮೂರು ತಿಂಗಳದ್ದೇ.

ಆ ಮೂರು ವಾರ ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ. ಊಟವಾದ ಮೇಲೆ ಕಲೂರಿನ ಸ್ಟೇಡಿಯಮ್ಮಿನ ಸುತ್ತ ನಡೆದೆ. ಸಹೋದ್ಯೋಗಿಯ ಮಗಳ ಮದುವೆಯಲ್ಲಿ ಮೂರು ಬಗೆಯ ಪಾಯಸ ಸಾಲುಗಟ್ಟಿ ಬಂದಾಗ ಎಲೆ ಮಡಚಿ ಎದ್ದುಬಿಟ್ಟೆ. ನನ್ನ ಮೇಲೆ ಕಣ್ಣಿಟ್ಟವರು ಯಾರೂ ಅಲ್ಲಿರಲಿಲ್ಲ. ನೋಡುವವರಿಲ್ಲದಾಗಲೂ ಒಳ್ಳೆಯವನಾಗಿದ್ದದ್ದು, ನಿಮ್ಮಲ್ಲಿ ಮುಚ್ಚುಮರೆಯೇಕೆ, ನನ್ನ ಜೀವಮಾನದಲ್ಲಿ ಅದೇ ಮೊದಲು.

ಎರಡನೆಯ ವರದಿ ಕೊಡುತ್ತ ಲ್ಯಾಬಿನಾಕೆ, “ಕೊರಞ್ಞಲ್ಲೋ ಸಾರೇ!” ಎಂದರು. ಇಳಿದಿದೆಯಲ್ಲ ಎಂಬ ಆ ಒಂದು ಮಾತು ಬಡ್ತಿಯ ಆದೇಶಕ್ಕಿಂತ ಸಿಹಿಯಾಗಿತ್ತು. ನನಗೆ ನಿಷಿದ್ಧವಲ್ಲದ ಸಿಹಿ ಅದೊಂದೇ.

ಶನಿವಾರ ರೈಲು ಹತ್ತಿ ತಿರುವನಂತಪುರದ ಪಟ್ಟಂನಲ್ಲಿರುವ ಅವಳ ಫ್ಲ್ಯಾಟಿಗೆ ಹೋದೆ. ವಸುಧಾ ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟು ಓದಿದಳು.

“ಎರಡು ದಿನ ಉಪವಾಸ ಮಾಡಿದ್ರಾ?”

“ಎರಡು ದಿನಕ್ಕೆ ಮೋಸಹೋಗೋ ಪರೀಕ್ಷೆ ಅಲ್ಲ ಕಣೇ ಇದು. ಬೇಕಾದ್ರೆ ಡಾಕ್ಟರನ್ನೇ ಕೇಳು.”

ಅವಳು ಕೇಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, ಲ್ಯಾಪ್‌ಟಾಪ್ ತೆರೆದು ಒಪ್ಪಿಗೆ ಪತ್ರ ಬರೆಯತೊಡಗಿದಳು.

ಮುಂದೆ ಮೂರು ತಿಂಗಳ ಪರೀಕ್ಷೆಯೂ ಅದನ್ನೇ ಅನುಮೋದಿಸಿತು. ಅಷ್ಟರಲ್ಲಿ ಅವಳು ಹನ್ನೊಂದು ಮಂದಿಯ ಮುಖ್ಯಸ್ಥೆ. ದಿನವೂ ಸಂಜೆ ಫೋನಿನಲ್ಲಿ “ಏನು ತಿಂದ್ರಿ?” ಎಂದು ವಿಚಾರಣೆ ನಡೆಸುತ್ತಿದ್ದವಳು ಮೊನ್ನೆ ತನ್ನ ತಂಡದ ಪ್ರಯೋಗ ಗೆದ್ದ ಕಥೆಯನ್ನೇ ಅರ್ಧ ಗಂಟೆ ಹೇಳಿ, ಕೇಳುವುದನ್ನು ಮರೆತು ಫೋನಿಟ್ಟಳು. ಅಂದು ನಾನು ತಿಂದದ್ದು ಎರಡು ಚಪಾತಿ, ಹೆಸರುಕಾಳಿನ ಪಲ್ಯ. ಕೇಳುವುದನ್ನೇ ಮರೆಯುವಷ್ಟು ಅವಳು ನನ್ನನ್ನು ನಂಬಿದ್ದಾಳೆಂಬ ಹೆಮ್ಮೆಗೆ ನಿಮಗೆ ಹೇಳುತ್ತಿದ್ದೇನೆ.